ಶಿಯಾನ್‌ಗೆ ಹೋದರೆ ಹ್ಯುಯೆನ್ ತ್ಸಾಂಗನ ಗೋಪುರ ಬಿಡಬೇಡಿ

(ನಮ್ಮೂರಿನ ಗ್ರಂಥಾಲಯದಲ್ಲಿ ಶಿಕ್ಷಕರು ಮತ್ತು ಓದುಗರ ಮುಂದೆ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಚೀನಾದ ಶಿಯಾನ್‌ಗೆ ಹೋಗಿ ಬಂದವರನ್ನು ಏನು ನೋಡಿದಿರಿ ಅಂತ ಕೇಳಿ ನೋಡಿ. ಮಣ್ಣಿನ ಸೈನಿಕರು ಅಂತಾರೆ. ಆಮೇಲೆ ಕೋಟೆ, ರಾತ್ರಿ ಬಜಾರು. ಅಷ್ಟರಲ್ಲಿ ದಿನ ಮುಗಿದಿರುತ್ತದೆ. ಟೂರ್ ಕಂಪನಿಗಳ ಒಂದು ದಿನದ ಪಟ್ಟಿಯೂ ಹೆಚ್ಚುಕಡಿಮೆ ಹೀಗೇ ಇರುತ್ತದೆ. ಅದರಲ್ಲಿ ತಪ್ಪೇನಿಲ್ಲ. ಆದರೆ ಅದೇ ಊರಲ್ಲಿ, ಕೋಟೆಯ ದಕ್ಷಿಣ ಬಾಗಿಲಿಂದ ಸುಮಾರು 4 ಕಿ.ಮೀ. ಆಚೆ, ಇಟ್ಟಿಗೆಯ ಒಂದು ಗೋಪುರ ಇದೆ. ಅದನ್ನು ಕಟ್ಟಿಸಿದವನು ಹ್ಯುಯೆನ್ ತ್ಸಾಂಗ್, ನಮ್ಮ ಇಮ್ಮಡಿ ಪುಲಕೇಶಿಯ ಬಗ್ಗೆ ಬರೆದಿಟ್ಟ ಚೀನಾದ ಭಿಕ್ಷು. ಕನ್ನಡದವರು ಅಷ್ಟು ದೂರ ಹೋಗಿ ಅದನ್ನು ಬಸ್ಸಿನ ಕಿಟಕಿಯಿಂದ ನೋಡಿ ಬರಬಾರದು. ನಾನು ಮುಖ್ಯವಾಗಿ ಹೇಳೋಕೆ ಬಂದದ್ದು ಇಷ್ಟೇ. ಉಳಿದದ್ದೆಲ್ಲ ಆ ಒಂದು ದಿನ ಹೇಗೆ ಕಳೆಯಿತು ಅನ್ನೋ ವಿವರ.

ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುವವಳು. ಹರ್ಷ, ಪುಲಕೇಶಿ, ಹ್ಯುಯೆನ್ ತ್ಸಾಂಗ್, ಈ ಮೂರು ಹೆಸರನ್ನು ವರ್ಷಾ ವರ್ಷ ಬೋರ್ಡಿನ ಮೇಲೆ ಬರೆಯುತ್ತಾ ಬಂದಿದ್ದೇನೆ. ನಮ್ಮ ಮೈದುನ ಕೆಲಸದ ಮೇಲೆ ಶಾಂಘೈಯಲ್ಲಿದ್ದಾರೆ. ಅವರನ್ನು ನೋಡೋಕೆ ಅಂತ ಮನೆಮಂದಿಯೆಲ್ಲ ಹೊರಟೆವು. ನಮ್ಮನೆಯವರು, ಎಪ್ಪತ್ತು ದಾಟಿದ ನಮ್ಮತ್ತೆ, ಪಿಯುಸಿ ಓದುವ ಮಗಳು, ಆರನೇ ಕ್ಲಾಸಿನ ಮಗ. ಇನ್ನೊಂದು ಊರು ನೋಡೋದಾದರೆ ಯಾವುದು ಅಂತ ಮೈದುನ ಕೇಳಿದಾಗ ನಾನು ಯೋಚನೆಯನ್ನೇ ಮಾಡಲಿಲ್ಲ. ಶಿಯಾನ್ ಅಂದೆ. ಹಳೆಯ ಚಾಂಗಾನ್ ಅದೇ. ಹಾನ್ ಮತ್ತು ಟಾಂಗ್ ಮನೆತನಗಳ ರಾಜಧಾನಿ, ರೇಷ್ಮೆ ದಾರಿಯ ಪೂರ್ವದ ತುದಿ.

ಮೈದುನನೇ ಅಲ್ಲಿ ಒಬ್ಬ ಗೈಡನ್ನು ಗೊತ್ತು ಮಾಡಿದ್ದರು. ಇಂಗ್ಲಿಷ್ ಬಲ್ಲ ಹೆಣ್ಣುಮಗಳು. ಚೀನಾದಲ್ಲಿ ಗೈಡ್ ಆಗಬೇಕಾದರೆ ಸರ್ಕಾರದ ಪರೀಕ್ಷೆ ಪಾಸು ಮಾಡಿ ಪರವಾನಗಿ ತೆಗೆದುಕೊಳ್ಳಬೇಕು. ದೊಡ್ಡ ಗುಂಪಾದರೆ ಕೈಯಲ್ಲಿ ಬಾವುಟ, ಎಲ್ಲರ ಕಿವಿಗೂ ಇಯರ್‌ಫೋನ್, ಹಿಂದೆ ಬಿದ್ದವರಿಗೆ ಕೂಗು. ಮನೆಯವರಿಗೇ ಅಂತ ಒಬ್ಬರನ್ನು ಇಟ್ಟುಕೊಂಡರೆ ಖರ್ಚು ಜಾಸ್ತಿ, ನಿಜ. ಆದರೆ ವಯಸ್ಸಾದವರು, ಮಕ್ಕಳು ಜೊತೆಗಿದ್ದರೆ ಆ ದುಡ್ಡು ದಂಡ ಅಲ್ಲ. ಆಕೆ ಹಿಂದಿನ ದಿನವೇ ಫೋನಿನಲ್ಲಿ ವಿಚಾರಿಸಿದರು. ಅಜ್ಜಿಗೆ ಎಷ್ಟು ನಡೆಯೋಕೆ ಆಗುತ್ತದೆ, ಯಾರು ಏನು ತಿನ್ನಲ್ಲ, ನಿಮ್ಮಲ್ಲಿ ಒಬ್ಬೊಬ್ಬರಿಗೂ ನೋಡಲೇಬೇಕು ಅನ್ನಿಸುವ ಒಂದು ಜಾಗ ಯಾವುದು. ಆ ಮೂರನೇ ಪ್ರಶ್ನೆ ನನಗೆ ತುಂಬಾ ಹಿಡಿಸಿತು. ಮಗನಿಗೆ ಸೈನಿಕರು, ಮಗಳಿಗೆ ಕೋಟೆ ಮೇಲೆ ಸೈಕಲ್ಲು, ನನಗೆ ಹ್ಯುಯೆನ್ ತ್ಸಾಂಗ್. ಅತ್ತೆ ಮಾತ್ರ "ನೀವೆಲ್ಲಿ ಅಂದ್ರ ಅಲ್ಲಿ" ಅಂದರು. ಕೊನೆಗೆ ದಿನದ ಅತಿ ಒಳ್ಳೆಯ ಪ್ರಶ್ನೆ ಕೇಳಿದವರು ಅವರೇ.

ಮಣ್ಣಿನ ಸೈನಿಕರು ಅಂದರೆ ಚೀನಾದ ಮೊದಲ ಚಕ್ರವರ್ತಿ ಚಿನ್ ಶಿ ಹುವಾಂಗ್‌ನ ಸಮಾಧಿಯ ಕಾವಲಿಗೆ ಅಂತ ಹೂತಿಟ್ಟ ಆಳೆತ್ತರದ ಗೊಂಬೆಗಳು. ಅವುಗಳ ಮ್ಯೂಸಿಯಂ ಇರೋದು ಊರೊಳಗಲ್ಲ. ಪೂರ್ವಕ್ಕೆ 35–40 ಕಿ.ಮೀ. ದೂರದ ಲಿಂಟಾಂಗ್‌ನಲ್ಲಿ. ಟಿಕೆಟನ್ನು ಪಾಸ್‌ಪೋರ್ಟ್ ನಂಬರ್ ಕೊಟ್ಟು ಮುಂಚೆಯೇ ತೆಗೆದಿಟ್ಟಿರಬೇಕು. ಬಾಗಿಲು ತೆಗೆಯುವ ಹೊತ್ತಿಗೇ ಅಲ್ಲಿ ಇದ್ದರೆ ಒಳ್ಳೇದು. ಒಂದು ಗಂಟೆ ತಡವಾದರೂ ಮುಂದಿನವರ ಬೆನ್ನು ಬಿಟ್ಟು ಬೇರೇನೂ ಕಾಣಲ್ಲ.

ಕತೆ ನಿಮಗೆಲ್ಲ ಗೊತ್ತಿರೋದೇ. 1974ರ ಮಾರ್ಚ್. ಮಳೆ ಕೈಕೊಟ್ಟಿತ್ತು. ಯಾಂಗ್ ಮನೆತನದ ಕೆಲವು ರೈತರು ಬಾವಿ ತೋಡುತ್ತಿದ್ದರು. ನೀರು ಬರುವ ಬದಲು ಸುಟ್ಟ ಮಣ್ಣಿನ ಗೊಂಬೆಯ ಚೂರು, ಕಂಚಿನ ಬಾಣದ ಮೊನೆ ಬಂದವು. ಆ ಬಾವಿಯ ಜಾಗಕ್ಕೆ ಒಂದನೇ ಗುಂಡಿಯ ಮೂಲೆಯಲ್ಲಿ ಈಗಲೂ ಗುರುತು ಇಟ್ಟಿದ್ದಾರೆ. ಗುಂಡಿ ಅಂದರೆ ಸಣ್ಣದು ಅಂದ್ಕೋಬೇಡಿ. ಒಂದನೆಯದು 230 ಮೀಟರ್ ಉದ್ದ, 62 ಮೀಟರ್ ಅಗಲ. ಎಲ್ಲ ಗುಂಡಿ ಸೇರಿ ಸುಮಾರು 8,000 ಸೈನಿಕರು ಇರಬಹುದು ಅಂತ ಅಂದಾಜು. ಅವರಲ್ಲಿ ಮೇಲೆದ್ದು ನಿಂತವರು ಒಂದು ಪಾಲು ಮಾತ್ರ. ಬಹುಪಾಲು ಚೂರು ಚೂರಾಗಿ ಸಿಕ್ಕವರು. ಅವರನ್ನು ಒಂದೊಂದೇ ತುಣುಕು ಹೊಂದಿಸಿ ನಿಲ್ಲಿಸಿದ್ದಾರೆ. ಗುಂಡಿಯ ಹಿಂಭಾಗದಲ್ಲಿ ಆ ಕೆಲಸ ಇನ್ನೂ ನಡೀತಿದೆ. ಅರ್ಧ ಮೈ ಆದವರು, ತಲೆ ಇನ್ನೂ ಸಿಗದವರು ಅಲ್ಲಿ ನಿಂತಿದ್ದಾರೆ.

ನಮ್ಮ ಗೈಡ್ ನೇರವಾಗಿ ದೊಡ್ಡ ಗುಂಡಿಗೆ ಕರೆದೊಯ್ಯಲಿಲ್ಲ. ಮೊದಲು ಮೂರನೆಯದು, ಆಮೇಲೆ ಎರಡನೆಯದು. ಎರಡನೇ ಗುಂಡಿಯ ಮನೆಯಲ್ಲಿ ಕೆಲವು ಸೈನಿಕರನ್ನು ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ. ಒಬ್ಬ ಬಿಲ್ಲುಗಾರ ಮಂಡಿಯೂರಿ ಕೂತಿದ್ದಾನೆ. ಎಲ್ಲರೂ ಮುಂದೆ ನಿಂತು ಅವನ ಮುಖದ ಫೋಟೋ ತೆಗೀತಿದ್ದರು. ಗೈಡ್ ನನ್ನ ಮಗನನ್ನು ಹಿಂದಕ್ಕೆ ಕರೆದು "ಅವನ ಕಾಲು ನೋಡು" ಅಂದರು. ಬಲಗಾಲಿನ ಅಂಗಾಲು ನಮ್ಮ ಕಡೆ ತಿರುಗಿತ್ತು. ಬಟ್ಟೆಯ ಬೂಟಿನ ತಳ. ಅದರಲ್ಲಿ ದಾರದ ಹೊಲಿಗೆಯನ್ನು ಚುಕ್ಕೆ ಚುಕ್ಕೆಯಾಗಿ ಕೊರೆದಿದ್ದಾರೆ. ಬೆರಳಿನ ಹತ್ತಿರ ಒತ್ತೊತ್ತು, ನಡುವೆ ಬಿಡಿಬಿಡಿ, ಹಿಮ್ಮಡಿಯ ಹತ್ತಿರ ಮತ್ತೆ ಒತ್ತು. ಯಾಕೆ ಅಂತ ಕೇಳಿದರು. ಮಗ ತನ್ನ ಬೂಟು ಎತ್ತಿ ನೋಡಿಕೊಂಡ. "ಅಲ್ಲೇ ಜಾಸ್ತಿ ಸವೆಯೋದು" ಅಂದ. ಸರಿಯಾದ ಉತ್ತರ. ಅಷ್ಟೂ ಸೈನಿಕರನ್ನು ನೆಲದಡಿ ಕತ್ತಲಲ್ಲಿ ನಿಲ್ಲಿಸಿ, ಮೇಲೆ ಮರದ ತೊಲೆ, ಚಾಪೆ, ಮಣ್ಣು ಹಾಕಿ ಮುಚ್ಚಿದ್ದರು. ಯಾರೂ ನೋಡಬಾರದು ಅಂತಲೇ ಮುಚ್ಚಿದ್ದು. ಅಂಥದ್ದರಲ್ಲಿ ಅಂಗಾಲಿನ ಹೊಲಿಗೆಯನ್ನು ಲೆಕ್ಕವಿಟ್ಟು ಕೊರೆದ ಕೈಯನ್ನು ನೆನೆದರೆ ನನಗೆ ಇವತ್ತಿಗೂ ಗೌರವ ಬರುತ್ತದೆ.

ಬಣ್ಣದ ವಿಷಯ ಹೇಳಲೇಬೇಕು. ಈಗ ಎಲ್ಲರೂ ಮಣ್ಣಿನ ಬಣ್ಣದಲ್ಲಿದ್ದಾರೆ. ಮೊದಲು ಹಾಗಿರಲಿಲ್ಲ. ಮುಖಕ್ಕೆ ಮೈಬಣ್ಣ, ಅಂಗಿಗೆ ಕೆಂಪು, ಹಸಿರು, ನೀಲಿ, ನೇರಳೆ. ಬಣ್ಣದ ಕೆಳಗೆ ಲ್ಯಾಕರ್ ಮರದ ಅಂಟಿನ ಒಂದು ಪದರ ಇತ್ತು. ಎರಡು ಸಾವಿರ ವರ್ಷ ತೇವದ ಮಣ್ಣಲ್ಲಿದ್ದ ಆ ಪದರ ಒಣ ಗಾಳಿ ತಾಗಿದ ಕೆಲವೇ ನಿಮಿಷಗಳಲ್ಲಿ ಸುರುಟಿಕೊಂಡು, ಬಣ್ಣದ ಸಮೇತ ಉದುರಿಬಿಡುತ್ತದೆ. ಇದನ್ನು ತಡೆಯುವ ಉಪಾಯಗಳನ್ನು ಆಮೇಲೆ ಕಂಡುಕೊಂಡರು. ಆದರೂ ಅವಸರ ಮಾಡಿ ಅಗೆಯಲ್ಲ. ಚಕ್ರವರ್ತಿಯ ಸಮಾಧಿಯ ದಿಬ್ಬವನ್ನಂತೂ ಮುಟ್ಟೇ ಇಲ್ಲ. ಒಳಗೆ ಪಾದರಸದ ನದಿಗಳಿವೆ ಅಂತ ಸಿಮಾ ಚಿಯೆನ್ ಅನ್ನೋ ಹಳೆಯ ಇತಿಹಾಸಕಾರ ಬರೆದಿದ್ದಾನೆ. ದಿಬ್ಬದ ಮಣ್ಣು ಪರೀಕ್ಷೆ ಮಾಡಿದಾಗ ಪಾದರಸದ ಅಂಶ ನಿಜಕ್ಕೂ ಜಾಸ್ತಿ ಇತ್ತು.

ಒಳ್ಳೆಯ ಗೈಡ್ ಅಂದರೆ ಯಾರು ಅನ್ನೋದಕ್ಕೆ ಒಂದು ಉದಾಹರಣೆ ಕೊಡ್ತೇನೆ. ಅಲ್ಲಿನ ಕಂಚಿನ ಕತ್ತಿಗಳು ಇನ್ನೂ ಹೊಳೆಯುತ್ತವೆ. ಅವುಗಳಿಗೆ ಕ್ರೋಮಿಯಂ ಲೇಪ ಇದೆ, ಆ ಕಾಲಕ್ಕೇ ಚೀನಾದವರಿಗೆ ತುಕ್ಕು ತಡೆಯುವ ವಿದ್ಯೆ ಗೊತ್ತಿತ್ತು ಅಂತ ತುಂಬಾ ಕಾಲ ಹೇಳುತ್ತಿದ್ದರು. 2019ರಲ್ಲಿ ಪ್ರಕಟವಾದ ಸಂಶೋಧನೆ ಇದನ್ನು ಒಪ್ಪಲಿಲ್ಲ. ಆ ಕ್ರೋಮಿಯಂ ಬಂದದ್ದು ಕತ್ತಿಯ ಹಿಡಿ, ಒರೆಗಳಿಗೆ ಬಳಿದ ಲ್ಯಾಕರಿನಿಂದ. ಕತ್ತಿ ಕೆಡದೆ ಉಳಿದದ್ದು ಕಂಚಿನಲ್ಲಿ ತವರ ಜಾಸ್ತಿ ಇದ್ದದ್ದರಿಂದ ಮತ್ತು ಅಲ್ಲಿನ ಮಣ್ಣಿನ ಗುಣದಿಂದ. ನಮ್ಮ ಗೈಡ್ ಎರಡನ್ನೂ ಹೇಳಿದರು. ಹಳೆಯ ಕತೆ ಕೇಳೋಕೆ ಚೆನ್ನಾಗಿದೆ, ತನ್ನ ಊರಿಗೆ ಹೆಮ್ಮೆಯೂ ಹೌದು. ಆದರೂ ಅದು ಸರಿಯಲ್ಲ ಅಂತ ಪರದೇಶದವರ ಮುಂದೆ ಹೇಳಿದರು. ಮೇಷ್ಟ್ರುಗಳು ಇದನ್ನು ಗಮನಿಸಬೇಕು.

ಒಂದನೇ ಗುಂಡಿಯ ಕಟಾಂಜನಕ್ಕೆ ಒರಗಿ ಅತ್ತೆ ಬಹಳ ಹೊತ್ತು ಸುಮ್ಮನೆ ನಿಂತಿದ್ದರು. ಆಮೇಲೆ ನನ್ನ ಕಡೆ ತಿರುಗಿ, "ಇದನ್ನೆಲ್ಲ ಮಾಡಿದ ಮಂದಿಗೆ ಕೂಳು ಯಾರ್ ಹಾಕ್ತಿದ್ರವಾ? ಸತ್ತ ಮ್ಯಾಲ ಎಲ್ಲಿ ಹುಗದ್ರು?" ಅಂದರು. ನಾನು ಅದನ್ನು ಇಂಗ್ಲಿಷಿಗೆ ಮಾಡಿ ಹೇಳಿದೆ. ಗೈಡ್ ಕೂಡ ಒಂದು ಕ್ಷಣ ಸುಮ್ಮನಾದರು. ಸಮಾಧಿಯ ಕೆಲಸಕ್ಕೆ 7 ಲಕ್ಷ ಜನರನ್ನು ತಂದಿದ್ದರು ಅಂತ ಸಿಮಾ ಚಿಯೆನ್ ಬರೆದದ್ದು ಎಲ್ಲ ಗೈಡ್‌ಗಳ ಬಾಯಲ್ಲೂ ಇರುತ್ತದೆ. ಆಕೆ ಅಷ್ಟಕ್ಕೇ ನಿಲ್ಲದೆ ಮುಂದಿನದ್ದನ್ನೂ ಹೇಳಿದರು. ದಿಬ್ಬದ ಪಶ್ಚಿಮಕ್ಕೆ ಆ ಕೆಲಸಗಾರರ ಹೂಳು ಜಾಗ ಸಿಕ್ಕಿದೆ. ಕೆಲವು ಹೆಣಗಳ ಜೊತೆ ಹೆಂಚಿನ ಚೂರು ಇಟ್ಟಿದ್ದಾರೆ. ಅದರ ಮೇಲೆ ಸತ್ತವನ ಹೆಸರು, ಊರು ಗೀಚಿದೆ. ಚಕ್ರವರ್ತಿ ಗೆದ್ದುಕೊಂಡ ದೂರದ ಪೂರ್ವದ ರಾಜ್ಯಗಳಿಂದ ಬಂದವರು. ಅವರಲ್ಲಿ ದಂಡ ಕಟ್ಟಲಾಗದೆ ಅದನ್ನು ದುಡಿದು ತೀರಿಸೋಕೆ ಬಂದವರೂ ಇದ್ದರು. ಅತ್ತೆ ಕೇಳಿಸಿಕೊಂಡು, "ಹೆಸರರ ಬರದ್ರಲ್ಲ" ಅಂದರು. ಸಾವಿರಾರು ಸೈನಿಕರ ಗೊಂಬೆಗಳನ್ನು ನೋಡಿದ ಮೇಲೆ ನನ್ನ ಮನಸ್ಸಲ್ಲಿ ಗಟ್ಟಿಯಾಗಿ ಉಳಿದದ್ದು ಆ ಹೆಂಚಿನ ಚೂರುಗಳು.

ಅಂದ ಹಾಗೆ ಈ ಚಕ್ರವರ್ತಿ ಚಿನ್ ಶಿ ಹುವಾಂಗ್ ಹುಟ್ಟಿದ್ದು ಕ್ರಿ.ಪೂ. 259ರಲ್ಲಿ. ಆಗ ನಮ್ಮಲ್ಲಿ ಅಶೋಕನ ಆಳ್ವಿಕೆ. ಮಸ್ಕಿ, ಬ್ರಹ್ಮಗಿರಿಯ ಬಂಡೆಗಳ ಮೇಲೆ ಅಶೋಕನ ಮಾತು ಕೆತ್ತಿದ್ದು ಹೆಚ್ಚುಕಡಿಮೆ ಅದೇ ಕಾಲ. ಕಾರಿನಲ್ಲಿ ಬರುವಾಗ ಇದನ್ನು ಲೆಕ್ಕ ಹಾಕಿ ಹೇಳಿದ್ದು ಮಗಳು. ಕ್ಲಾಸಿನಲ್ಲಿ ಚೀನಾ ಒಂದು ಪಾಠ, ಅಶೋಕ ಇನ್ನೊಂದು ಪಾಠ. ಮಕ್ಕಳು ಇವೆರಡನ್ನೂ ಒಂದೇ ಗೆರೆಯ ಮೇಲೆ ಇಟ್ಟು ನೋಡೋದು ಕಡಿಮೆ.

ಊಟಕ್ಕೆ ಊರಿಗೆ ವಾಪಸ್ಸು. ನಾವು ಸಸ್ಯಾಹಾರಿಗಳು. ಶಿಯಾನ್ ಅಂದರೆ ಕುರಿ ಮಾಂಸದ ಸಾರಿಗೆ ರೊಟ್ಟಿ ಚೂರು ಹಾಕಿ ತಿನ್ನುವ ಊರು. ಆದರೂ ತೊಂದರೆ ಆಗಲಿಲ್ಲ. ಲಿಯಾಂಗ್‌ಪಿ ಅಂತ ಒಂದು ತಿಂಡಿ ಇದೆ. ಗೋಧಿ ಹಿಟ್ಟಿನ ಮುದ್ದೆಯನ್ನು ನೀರಲ್ಲಿ ಹಿಸುಕಿ ಹಿಸುಕಿ ತೊಳೆಯುತ್ತಾರೆ. ಆ ಬಿಳಿ ನೀರು ತಳ ಕೂತ ಮೇಲೆ, ನಮ್ಮಲ್ಲಿ ಅಕ್ಕಿ ಹಪ್ಪಳಕ್ಕೆ ಹಿಟ್ಟು ಹುಯ್ದ ಹಾಗೆ ತಟ್ಟೆಗೆ ತೆಳ್ಳಗೆ ಹುಯ್ದು ಹಬೆಯಲ್ಲಿ ಬೇಯಿಸುತ್ತಾರೆ. ಆರಿದ ಮೇಲೆ ಪಟ್ಟಿ ಪಟ್ಟಿಯಾಗಿ ಕತ್ತರಿಸಿ, ಸೌತೆಕಾಯಿ, ವಿನೆಗರ್, ಕೆಂಪು ಮೆಣಸಿನ ಎಣ್ಣೆ ಹಾಕಿ ಕಲಸಿ ಕೊಡುತ್ತಾರೆ. ಖಾರ ನಮ್ಮ ಕಡೆಯವರಿಗೂ ಸಾಕಾಗುವಷ್ಟು ಇತ್ತು. ಅತ್ತೆ ಎರಡನೇ ಸಲ ಹಾಕಿಸಿಕೊಂಡರು.

ಈಗ ಗೋಪುರಕ್ಕೆ ಬರೋಣ.

ನಕ್ಷೆಯಲ್ಲಿ ಇದು ಬಿಗ್ ವೈಲ್ಡ್ ಗೂಸ್ ಪಗೋಡ. ಅಲ್ಲಿನವರಿಗೆ ದಾಯಾನ್‌ತಾ. ಮುಂದಿನ ಚೌಕದಲ್ಲಿ ಕೈಯಲ್ಲಿ ದಂಡ ಹಿಡಿದು ನಿಂತಿರುವ ಭಿಕ್ಷುವಿನ ಪ್ರತಿಮೆ ಇದೆ. ಅವನೇ ನಮ್ಮ ಪಾಠದ ಹ್ಯುಯೆನ್ ತ್ಸಾಂಗ್. ಚೀನಾದವರು ಶ್ವಾನ್‌ಜಾಂಗ್ ಅಂತಾರೆ. ಕ್ರಿ.ಶ. 629ರ ಹೊತ್ತಿಗೆ ಈ ಊರಿಂದ ಹೊರಟವನು. ಗಡಿ ದಾಟೋಕೆ ಅಪ್ಪಣೆ ಇರಲಿಲ್ಲ. ಆದರೂ ಹೊರಟ. ಮರುಭೂಮಿ, ಹಿಮದ ಬೆಟ್ಟ ದಾಟಿ ಭಾರತಕ್ಕೆ ಬಂದ. ನಳಂದದಲ್ಲಿ ಓದಿದ. ದಕ್ಷಿಣದಲ್ಲಿ ಕಂಚಿಯವರೆಗೂ ಇಳಿದ. 645ರಲ್ಲಿ 657 ಗ್ರಂಥಗಳನ್ನು 20 ಕುದುರೆಗಳ ಮೇಲೆ ಹೇರಿಕೊಂಡು ಮರಳಿದ. ಕದ್ದು ಹೋದವನನ್ನು ಅದೇ ಚಕ್ರವರ್ತಿ ತಾಯ್‌ಜೊಂಗ್ ಗೌರವದಿಂದ ಬರಮಾಡಿಕೊಂಡ. ತಂದ ಗ್ರಂಥಗಳು ಬೆಂಕಿ, ಮಳೆಗೆ ಹಾಳಾಗಬಾರದು ಅಂತ 652ರಲ್ಲಿ ಈ ಗೋಪುರ ಎದ್ದಿತು. ಮೊದಲು ಐದು ಅಂತಸ್ತು. ಈಗಿರೋದು ಏಳು, ಎತ್ತರ 64 ಮೀಟರಿಗೂ ಜಾಸ್ತಿ. 1556ರ ಭಾರೀ ಭೂಕಂಪದಲ್ಲಿ ಪೆಟ್ಟು ತಿಂದು ಉಳಿದುಕೊಂಡಿದೆ. ಸ್ವಲ್ಪ ವಾಲಿದೆ ಕೂಡ. ಊರವರು ಅಂತರ್ಜಲ ಅತಿಯಾಗಿ ಎತ್ತಿದ್ದೂ ಅದಕ್ಕೆ ಒಂದು ಕಾರಣ.

ಒಳಗೆ ಹತ್ತೋಕೆ ಬೇರೆ ಟಿಕೆಟ್. ಮರದ ಮೆಟ್ಟಿಲು. ಅತ್ತೆ, ನಮ್ಮನೆಯವರು ಕೆಳಗೆ ಮರದ ನೆರಳಲ್ಲಿ ಕೂತರು. ನಾವು ಮೇಲೆ ಹೋದೆವು. ಪ್ರತಿ ಅಂತಸ್ತಿನಲ್ಲೂ ನಾಲ್ಕು ದಿಕ್ಕಿಗೂ ಕಿಟಕಿ ಇದೆ. ಹ್ಯುಯೆನ್ ತ್ಸಾಂಗನ ಬಗ್ಗೆ ನಮ್ಮ ಗೈಡ್‌ಗೆ ಗೊತ್ತಿಲ್ಲದ್ದೇ ಇರಲಿಲ್ಲ. ಅವನು 19 ವರ್ಷ ಕೂತು ಅನುವಾದ ಮಾಡಿದ್ದು, 664ರಲ್ಲಿ ತೀರಿಕೊಂಡದ್ದು, ಟಾಂಗ್ ಕಾಲದಲ್ಲಿ ಸರ್ಕಾರಿ ಹುದ್ದೆಯ ದೊಡ್ಡ ಪರೀಕ್ಷೆ ಪಾಸಾದವರು ಈ ಗೋಪುರದಲ್ಲಿ ಬಂದು ಹೆಸರು ಬರೆಯುತ್ತಿದ್ದದ್ದು, ಕವಿ ಬಾಯ್ ಜೂಯಿ ತನ್ನ ಜೊತೆ ಪಾಸಾದ 17 ಜನರಲ್ಲಿ ತಾನೇ ಚಿಕ್ಕವನು ಅಂತ ಹೆಮ್ಮೆಯಿಂದ ಹೇಳಿಕೊಂಡದ್ದು. ಎಲ್ಲ ಹೇಳಿದರು. ಆಮೇಲೆ ನಾನು ಕೇಳಿದೆ: "ನಮ್ಮ ರಾಜನ ಬಗ್ಗೆ ಅವನು ಬರೆದದ್ದು ಗೊತ್ತಾ?"

ಗೊತ್ತಿರಲಿಲ್ಲ. ಚೀನಾದ ಮಕ್ಕಳಿಗೆ ಹರ್ಷನ ಹೆಸರು ಗೊತ್ತಿರಬಹುದು, ಪುಲಕೇಶಿಯ ಹೆಸರು ಯಾಕೆ ಗೊತ್ತಿರಬೇಕು? ಹಾಗಾಗಿ ಐದನೇ ಅಂತಸ್ತಿನ ಕಿಟಕಿಯ ಹತ್ತಿರ ಪಾಠ ಮಾಡುವ ಸರದಿ ನನ್ನದಾಯಿತು. ನಿಮಗೂ ಅದನ್ನೇ ಹೇಳ್ತೇನೆ.

ಐಹೊಳೆಯ ಮೇಗುತಿ ಬಸದಿಯ ಶಾಸನ ನಿಮಗೆ ಗೊತ್ತು. ಕ್ರಿ.ಶ. 634ರದ್ದು. ಬರೆದವನು ರವಿಕೀರ್ತಿ. ಯುದ್ಧದಲ್ಲಿ ಆನೆಗಳು ಬಿದ್ದು, ಹರ್ಷನ ಹರ್ಷ ಭಯದಿಂದ ಕರಗಿಹೋಯಿತು ಅಂತ ಅವನು ಬರೆದ. ಚೆನ್ನಾದ ಪದ್ಯ. ಆದರೆ ರವಿಕೀರ್ತಿ ಪುಲಕೇಶಿಯ ಆಶ್ರಯದಲ್ಲಿದ್ದ ಕವಿ. ತನ್ನ ಒಡೆಯ ಗೆದ್ದ ಅಂತ ಅವನು ಬರೆದರೆ ಅದನ್ನು ಹಾಗೇ ನಂಬಬಹುದಾ? ಒಳ್ಳೆಯ ವಿದ್ಯಾರ್ಥಿ ಈ ಪ್ರಶ್ನೆ ಕೇಳಲೇಬೇಕು. ಇಲ್ಲಿ ಹ್ಯುಯೆನ್ ತ್ಸಾಂಗನ ಪ್ರವಾಸದ ಪುಸ್ತಕದ ಸಾಕ್ಷಿ ಬರುತ್ತದೆ. ಅವನು ದಖನ್ನಿಗೆ ಬಂದದ್ದು ಶಾಸನ ಕೆತ್ತಿದ ಕೆಲವೇ ವರ್ಷಗಳ ಮೇಲೆ, 640ರ ಆಸುಪಾಸು. ಈ ರಾಜ್ಯವನ್ನು ಅವನು ಮಹಾರಾಷ್ಟ್ರ ಅಂತ ಕರೆದಿದ್ದಾನೆ. ರಾಜನ ಹೆಸರು ಪುಲಕೇಶಿ ಅಂತ ಹೇಳಿದ್ದಾನೆ. ಇಲ್ಲಿನ ಜನ ಉಪಕಾರ ಮಾಡಿದವರನ್ನು ಮರೆಯಲ್ಲ, ಅವಮಾನ ಮಾಡಿದವರನ್ನು ಬಿಡಲ್ಲ ಅಂದಿದ್ದಾನೆ. ಸೇಡು ತೀರಿಸಿಕೊಳ್ಳುವ ಮುಂಚೆ ವೈರಿಗೆ ತಿಳಿಸಿಯೇ ಹೋಗುತ್ತಾರಂತೆ. ಸೋತು ಬಂದ ಸೇನಾಪತಿಗೆ ಬೇರೆ ಶಿಕ್ಷೆ ಇಲ್ಲ, ಹೆಂಗಸರ ಉಡುಪು ಕೊಡುತ್ತಾರಂತೆ. ಯುದ್ಧಕ್ಕೆ ಮುಂಚೆ ವೀರರೂ ಕುಡಿಯುತ್ತಾರೆ, ಆನೆಗಳಿಗೂ ಕುಡಿಸುತ್ತಾರೆ ಅಂತಲೂ ಬರೆದಿದ್ದಾನೆ. ಕೊನೆಗೆ ಮುಖ್ಯವಾದ ಮಾತು: ಪೂರ್ವ ಪಶ್ಚಿಮದ ರಾಜ್ಯಗಳನ್ನೆಲ್ಲ ಗೆದ್ದ ಹರ್ಷ ಈ ಒಬ್ಬ ರಾಜನನ್ನು ಮಾತ್ರ ಬಗ್ಗಿಸಲು ಆಗಲಿಲ್ಲ.

ಈ ಮಾತು ಹೇಳಿದ್ದು ಯಾರು ನೋಡಿ. ಹರ್ಷನ ಗೆಳೆಯ. ಕನೌಜಿನಲ್ಲಿ ಹರ್ಷ ಅವನಿಗೋಸ್ಕರ ದೊಡ್ಡ ಸಭೆ ಕರೆದಿದ್ದ. ಹರ್ಷನ ಗುಣಗಾನ ಆ ಪುಸ್ತಕದ ತುಂಬ ಇದೆ. ಅಂಥವನು ತನ್ನ ಗೆಳೆಯನ ಕೈಯಲ್ಲಿ ಆಗದ್ದನ್ನೂ ಮುಚ್ಚಿಡದೆ ಬರೆದ. ರವಿಕೀರ್ತಿಯ ಪದ್ಯ ಬರೀ ಹೊಗಳಿಕೆ ಅಲ್ಲ ಅಂತ ನಾವು ಧೈರ್ಯವಾಗಿ ಹೇಳೋದು ಈ ಪರದೇಶದ ಭಿಕ್ಷುವಿನಿಂದ. ಕಲ್ಲಿನ ಮೇಲೆ ಒಂದು ಸಾಕ್ಷಿ ನಮ್ಮೂರ ಹತ್ತಿರ ಇದೆ. ಇನ್ನೊಂದು ಸಾಕ್ಷಿ ಬರೆದವನು ಸಾವಿರಾರು ಮೈಲಿ ಆಚೆಯ ಈ ಊರವನು. ಎರಡನ್ನೂ ನೋಡಿದವರು ನಮ್ಮಲ್ಲಿ ಎಷ್ಟು ಜನ?

ಒಂದು ಎಚ್ಚರಿಕೆ. ಹ್ಯುಯೆನ್ ತ್ಸಾಂಗ್ ಪುಲಕೇಶಿಯ ರಾಜಧಾನಿ ವಾತಾಪಿಗೇ, ಅಂದರೆ ಈಗಿನ ಬಾದಾಮಿಗೇ ಬಂದಿದ್ದ ಅಂತ ಮಕ್ಕಳಿಗೆ ಹೇಳಬೇಡಿ. ಅವನು ವರ್ಣಿಸಿದ ರಾಜಧಾನಿಯ ಪಶ್ಚಿಮಕ್ಕೆ ದೊಡ್ಡ ನದಿ ಇತ್ತು. ಅದು ನಾಸಿಕ್ ಇರಬೇಕು ಅಂತ ಹಲವು ವಿದ್ವಾಂಸರ ಅಭಿಪ್ರಾಯ. ಅದಕ್ಕೂ ಮುಂಚೆ ಅವನು ನೋಡಿದ ಕೊಂಕಣಪುರ ಯಾವುದು ಅನ್ನೋದರಲ್ಲೂ ಒಮ್ಮತ ಇಲ್ಲ. ಬನವಾಸಿ ಅಂದವರಿದ್ದಾರೆ, ಆನೆಗೊಂದಿ ಅಂದವರೂ ಇದ್ದಾರೆ.

ಗೈಡ್ ಇದನ್ನೆಲ್ಲ ಫೋನಿನಲ್ಲಿ ಬರೆದುಕೊಂಡರು. ಪುಲಕೇಶಿಯ ಹೆಸರನ್ನು ಮಗನ ಬಾಯಲ್ಲಿ ಮತ್ತೆ ಮತ್ತೆ ಹೇಳಿಸಿಕೊಂಡರು. ಆಮೇಲೆ "ಆ ರಾಜ ಮುಂದೆ ಏನಾದ?" ಅಂತ ಕೇಳಿದರು. 642ರಲ್ಲಿ ಪಲ್ಲವ ನರಸಿಂಹವರ್ಮ ವಾತಾಪಿಯನ್ನು ಹಿಡಿದ. ಅವನ ಶಾಸನ ಬಾದಾಮಿಯ ಬಂಡೆ ಮೇಲೇ ಇದೆ. ಪುಲಕೇಶಿಯ ಕತೆ ಅಲ್ಲಿಗೆ ಮುಗಿಯಿತು. ಹ್ಯುಯೆನ್ ತ್ಸಾಂಗ್ ಚಾಂಗಾನ್‌ಗೆ ಮರಳಿದ್ದು 645ರಲ್ಲಿ, ಪುಸ್ತಕ ಮುಗಿಸಿದ್ದು 646ರಲ್ಲಿ. ಅಂದರೆ ಅವನು ಶಿಷ್ಯ ಬಿಯಾನ್‌ಜಿಗೆ ಹೇಳಿ ಬರೆಸುವ ಹೊತ್ತಿಗೆ ಆ ರಾಜನೂ ಇರಲಿಲ್ಲ, ಅವನ ರಾಜಧಾನಿಯೂ ಕೈತಪ್ಪಿತ್ತು. ಪುಸ್ತಕದಲ್ಲಿ ಮಾತ್ರ ಪುಲಕೇಶಿ ಇನ್ನೂ ಯಾರಿಗೂ ಬಗ್ಗದೆ ನಿಂತಿದ್ದಾನೆ. ಇದನ್ನು ಹೇಳುವಾಗ ನನ್ನ ಗಂಟಲು ತುಂಬಿ ಬಂತು.

ಅಲ್ಲಿಂದ ಕೋಟೆಗೆ. ಮಗಳು ಕಾರಿನಲ್ಲಿ ಒಂದು ಒಳ್ಳೆಯ ಪ್ರಶ್ನೆ ಕೇಳಿದಳು. ಗೋಪುರ ಕೋಟೆಯ ಹೊರಗೆ ಇಷ್ಟು ದೂರ ಯಾಕಿದೆ? ಉತ್ತರ ಇದು: ಗೋಪುರ ಊರ ಹೊರಗೆ ಹೋಗಲಿಲ್ಲ, ಊರೇ ಕುಗ್ಗಿತು. ಟಾಂಗ್ ಕಾಲದ ಚಾಂಗಾನ್ 84 ಚದರ ಕಿ.ಮೀ. ಇತ್ತು. ಗೋಪುರ ಆಗ ಊರೊಳಗೇ ಇತ್ತು. ಈಗ ಕಾಣುವ ಕೋಟೆ ಮಿಂಗ್ ಕಾಲದ್ದು, 1370ರ ದಶಕದಲ್ಲಿ ಕಟ್ಟಿದ್ದು. ಅದರೊಳಗೆ ಬರೋದು ಹಳೆಯ ಊರಿನ ಸುಮಾರು ಏಳನೇ ಒಂದು ಭಾಗ ಅಷ್ಟೇ. ಈ ಕೋಟೆಯನ್ನೇ ನೋಡಿ ನಾವು ಅಬ್ಬಾ ಅಂತೀವಿ. ಸುತ್ತಳತೆ 13.7 ಕಿ.ಮೀ., ಎತ್ತರ 12 ಮೀಟರ್, ಮೇಲೆ 12ರಿಂದ 14 ಮೀಟರ್ ಅಗಲ. ಚೀನಾದ ಎಷ್ಟೋ ಊರುಗಳ ಕೋಟೆಗಳನ್ನು ಕಳೆದ ಶತಮಾನದಲ್ಲಿ ರಸ್ತೆಗೆ ಅಂತ ಕೆಡವಿದರು. ಬೀಜಿಂಗ್‌ನದ್ದೂ ಹೋಯಿತು. ಶಿಯಾನ್‌ನ ಕೋಟೆ 1961ರಲ್ಲಿ ರಾಷ್ಟ್ರೀಯ ರಕ್ಷಿತ ಸ್ಮಾರಕಗಳ ಮೊದಲ ಪಟ್ಟಿಗೆ ಸೇರಿ ಉಳಿದುಕೊಂಡಿತು. ಮೇಲೆ ಬಾಡಿಗೆ ಸೈಕಲ್ಲು ಸಿಗುತ್ತದೆ. ಮಗಳು, ಮಗ, ಅವರಪ್ಪ ಹೊರಟರು. ಒಂದು ಸುತ್ತು ಹಾಕಿ ಬಂದು, ಇಟ್ಟಿಗೆ ನೆಲದ ಮೇಲೆ ಕುಲುಕಿ ಕುಲುಕಿ ಕೈ ನೋವು ಅಂದರು. ಮುಖ ಮಾತ್ರ ಅರಳಿತ್ತು.

ಸಂಜೆ ಗಂಟೆ ಗೋಪುರ, ನಗಾರಿ ಗೋಪುರ ದಾಟಿ ಮುಸ್ಲಿಮರ ಕೇರಿಗೆ ಹೋದೆವು. ಬಜಾರಿನ ಬಗ್ಗೆ ಜಾಸ್ತಿ ಹೇಳಲ್ಲ. ಗದ್ದಲ, ದೀಪ, ದಾಳಿಂಬೆ ರಸ, ಎಣ್ಣೆಯಲ್ಲಿ ಕರಿದ ಪರ್ಸಿಮನ್ ಹಣ್ಣಿನ ಸಿಹಿ ಬಿಲ್ಲೆ. ಅದರ ಹಿಂದಿನ ಗಲ್ಲಿಯಲ್ಲಿರುವ ದೊಡ್ಡ ಮಸೀದಿಯನ್ನು ನೋಡಿ. 742ರಲ್ಲಿ ಶುರುವಾಯಿತು ಅಂತ ಹೇಳಿಕೆ. ಈಗಿನ ಕಟ್ಟಡಗಳು ಹೆಚ್ಚಾಗಿ ಮಿಂಗ್ ಕಾಲದವು. ಒಂದರ ಹಿಂದೆ ಒಂದು ಅಂಗಳ, ಬಾಗಿದ ಸೂರು, ನೀಲಿ ಹಸಿರು ಹೆಂಚು. ಗುಮ್ಮಟ ಇಲ್ಲ. ಮಿನಾರು ಇರಬೇಕಾದ ಕಡೆ ಪಗೋಡದ ರೂಪದ ಗೋಪುರ. ಚೀನಾದ ದೇವಾಲಯಗಳು ಸಾಮಾನ್ಯವಾಗಿ ದಕ್ಷಿಣಕ್ಕೆ ಮುಖ ಮಾಡಿರುತ್ತವೆ. ಇದು ಮಾತ್ರ ಪೂರ್ವದಿಂದ ಪಶ್ಚಿಮಕ್ಕೆ ಚಾಚಿದೆ, ಮೆಕ್ಕಾ ಆ ಕಡೆ ಇರೋದರಿಂದ. ಪ್ರಾರ್ಥನೆಯ ಮನೆಯೊಳಗೆ ಬೇರೆಯವರಿಗೆ ಪ್ರವೇಶ ಇಲ್ಲ. ಅಂಗಳದಲ್ಲಿ ಕೂರಬಹುದು. ಅತ್ತೆ ಅಲ್ಲಿ ಕಲ್ಲು ಬೆಂಚಿನ ಮೇಲೆ ಕಾಲು ಚಾಚಿ ಕೂತು ದಣಿವಾರಿಸಿಕೊಂಡರು.

ಮಾತು ಮುಗಿದ ಮೇಲೆ ಕೆಲವರು ಪ್ರಶ್ನೆ ಕೇಳಿದರು. ಎರಡಕ್ಕೆ ಇಲ್ಲಿ ಉತ್ತರ ಬರೆಯುತ್ತೇನೆ.

ಶಾಸನಗಳಲ್ಲಿ ಆಸಕ್ತಿ ಇದ್ದವರಿಗೆ ಅಲ್ಲಿ ಏನಿದೆ ಅಂತ ಒಬ್ಬರು ಕೇಳಿದರು. ಮರುದಿನ ಬೆಳಿಗ್ಗೆ ರೈಲಿಗೆ ಮುಂಚೆ ನಾನು ಮಗಳ ಜೊತೆ ಬೇಲಿನ್ ಮ್ಯೂಸಿಯಂಗೆ ಹೋಗಿದ್ದೆ. ಅದು ಬರೀ ಶಾಸನಗಳ ಮ್ಯೂಸಿಯಂ. ದಕ್ಷಿಣ ಬಾಗಿಲಿನ ಹತ್ತಿರ ಇದೆ, 1087ರಿಂದ ಕಲ್ಲುಗಳನ್ನು ಅಲ್ಲಿ ಕೂಡಿಸುತ್ತಾ ಬಂದಿದ್ದಾರೆ. 837ರಲ್ಲಿ ಕೆತ್ತಿ ಮುಗಿಸಿದ 114 ಕಲ್ಲುಗಳ ಮೇಲೆ 12 ಶಾಸ್ತ್ರಗ್ರಂಥಗಳು ಪೂರ್ತಿಯಾಗಿ ಇವೆ. ನಕಲು ಮಾಡುವಾಗ ತಪ್ಪು ನುಸುಳಬಾರದು ಅಂತ ಮೂಲ ಪಾಠವನ್ನೇ ಕಲ್ಲಿಗೆ ಇಳಿಸಿದ್ದು. 781ರ ಇನ್ನೊಂದು ಕಲ್ಲು ಚೀನಾಕ್ಕೆ ಕ್ರೈಸ್ತ ಧರ್ಮ ಬಂದ ಕತೆ ಹೇಳುತ್ತದೆ, ಅದರಲ್ಲಿ ಸಿರಿಯಾಕ್ ಲಿಪಿಯೂ ಇದೆ. ಒಂದು ಮೂಲೆಯಲ್ಲಿ ಪಡಿಯಚ್ಚು ತೆಗೆಯೋದನ್ನು ನಮ್ಮ ಕಣ್ಣೆದುರೇ ಮಾಡಿ ತೋರಿಸಿದರು. ತೆಳು ಕಾಗದವನ್ನು ಒದ್ದೆ ಮಾಡಿ ಕಲ್ಲಿಗೆ ಹಚ್ಚುತ್ತಾರೆ. ಬ್ರಷ್ಷಿನಿಂದ ಕುಟ್ಟಿ ಕುಟ್ಟಿ ಅಕ್ಷರದ ಗುಳಿಯೊಳಗೆ ಇಳಿಸುತ್ತಾರೆ. ಕಾಗದ ಇನ್ನೇನು ಆರಬೇಕು ಅನ್ನುವಾಗ ಮಸಿ ಅದ್ದಿದ ಬಟ್ಟೆಯ ಉಂಡೆಯಿಂದ ಮೆಲ್ಲಗೆ ತಟ್ಟುತ್ತಾ ಹೋಗುತ್ತಾರೆ. ಸುತ್ತ ಕಪ್ಪಾಗಿ ಅಕ್ಷರ ಬೆಳ್ಳಗೆ ಏಳುತ್ತದೆ. ನಮ್ಮ ಶಾಸನ ತಜ್ಞರು ಹಳ್ಳಿ ಹಳ್ಳಿ ತಿರುಗಿ ಮಾಡಿದ್ದು ಇದೇ ಕೆಲಸವನ್ನೇ.

ಇನ್ನೊಬ್ಬರು, ಮಕ್ಕಳನ್ನು ಕರ್ಕೊಂಡು ಹೋಗೋರು ಮೊದಲು ಏನು ತಯಾರಿ ಮಾಡಬೇಕು ಅಂತ ಕೇಳಿದರು. ಹ್ಯುಯೆನ್ ತ್ಸಾಂಗ್ ಮಹಾರಾಷ್ಟ್ರದ ಬಗ್ಗೆ ಬರೆದ ಭಾಗ ತುಂಬಾ ಚಿಕ್ಕದು. ಒಂದು ಕೂರಿಕೆಯಲ್ಲಿ ಓದಿ ಹೇಳಬಹುದು. ಆಮೇಲೆ ಪಾಸ್‌ಪೋರ್ಟ್, ವೀಸಾ ಓಡಾಟ ಶುರು ಮಾಡುವ ಮುಂಚೆ ಒಂದು ಭಾನುವಾರ ಐಹೊಳೆಗೆ ಹೋಗಿ ಬನ್ನಿ. ಬಾದಾಮಿಯಿಂದ ಸುಮಾರು 35 ಕಿ.ಮೀ. ಮೇಗುತಿ ಗುಡ್ಡ ಹತ್ತಿ, ಬಸದಿಯ ಹೊರಗೋಡೆಯಲ್ಲಿರುವ ಆ 19 ಸಾಲುಗಳನ್ನು ಮಕ್ಕಳಿಗೆ ತೋರಿಸಿ. ಮಧ್ಯಾಹ್ನ ಬಂಡೆ ಕಾದಿರುತ್ತದೆ, ಬೆಳಿಗ್ಗೆಯೇ ಹೋಗಿ.